ಎರೆಸೀಮೆಯ ನೀರಿನ ಕಥೆ

ಹುಬ್ಬಳ್ಳಿಯಿಂದ ವಿಜಯಪುರದ ಹಾದಿ ಹಿಡಿದು ಹೊರಟರೆ, ಗಿಡಮರಗಳು ವಿರಳವಾಗುತ್ತ, ಕಣ್ಣು ಹರಿಯುವವರೆಗೂ ಕರಿಯ ಎರೆಭೂಮಿ ಹಬ್ಬುತ್ತದೆ. ಇದೇ ನವಲಗುಂದ ತಾಲೂಕು. ಮಳೆಯ ಹಸಿಯನ್ನು ಹಿಡಿದಿಟ್ಟು ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿಗಳನ್ನು ಕೊಡುವ ಈ ಮಣ್ಣು, ಬಾವಿ ತೋಡಿದವನಿಗೆ ಬಹುಮಟ್ಟಿಗೆ ಸವಳು ನೀರನ್ನೇ ಕೊಟ್ಟಿದೆ. ಆದುದರಿಂದ ಕುಡಿಯಲು ಕೆರೆಯೇ ಗತಿ. ಕೆರೆಗೆ ಮಳೆಯೇ ದಿಕ್ಕು. ಬೆಣ್ಣಿಹಳ್ಳವಾದರೋ ಮಳೆಗಾಲದಲ್ಲಿ ಉಕ್ಕಿ ಪೈರನ್ನು ಕೊಚ್ಚಿಕೊಂಡು ಹೋಗುತ್ತದೆ.

1818ರಲ್ಲಿ ಪೇಶವೆಯರ ಆಳಿಕೆ ಹೋಗಿ ಕಂಪನಿ ಸರಕಾರ ಬಂದಿತು. 1956ರಲ್ಲಿ ಕನ್ನಡನಾಡು ಒಂದಾಯಿತು. ರೈತನ ಕಣ್ಣು ಮಾತ್ರ ಮುಗಿಲಿನ ಮೇಲೆಯೇ ಉಳಿಯಿತು. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ಬಂದಿತು. ಆದರೆ ತುದಿಯ ಹೊಲಗಳಿಗೆ ನೀರು ಮುಟ್ಟುವ ಮೊದಲೇ ಅಭಿವೃದ್ಧಿ ಕರದ ಬೇಡಿಕೆ ಮುಟ್ಟಿತು. 1980ರ ಜುಲೈ 21ರಂದು ಸಿಟ್ಟಿಗೆದ್ದ ರೈತರ ಮೇಲೆ ಗೋಳಿಬಾರಾಯಿತು. ಅಳಗವಾಡಿಯ ಬಸಪ್ಪ ಲಕ್ಕುಂಡಿಯವರು ಪ್ರಾಣ ತೆತ್ತರು. ಇಂದಿಗೂ ಆ ದಿನ ರೈತರು ಅವರನ್ನು ನೆನೆಯುತ್ತಾರೆ. 2015ರಲ್ಲಿ, ಮಹದಾಯಿ ಕೊಳ್ಳದ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ಇದೇ ಜನ ಮತ್ತೆ ಬೀದಿಗಿಳಿದರು.

ಇದು ಹಳ್ಳಿಯವರ ಗೋಳೆಂದು ನಾವು ಸುಮ್ಮನಿರುವಂತಿಲ್ಲ. 2011ರ ಜನಗಣತಿಯಂತೆ ಧಾರವಾಡ ಜಿಲ್ಲೆಯ 18,47,023 ಜನರಲ್ಲಿ 9,43,788 ಜನ ಹುಬ್ಬಳ್ಳಿ-ಧಾರವಾಡ ನಗರದವರೇ. ಅರ್ಧಕ್ಕಿಂತ ಹೆಚ್ಚಿನವರಾದ ನಾವು ಕುಡಿಯುವುದೂ ಅದೇ ಜಲಾಶಯದ ನೀರನ್ನು. ನಲ್ಲಿಯ ಕೆಳಗೆ ಕೊಡವಿಟ್ಟಾಗ, ಕಾಲುವೆಯ ತುದಿಯಲ್ಲಿ ಕಾಯುತ್ತಿರುವ ಹೊಲವೂ ನಮ್ಮ ನೆನಪಿಗೆ ಬರಬೇಕು.