ಉಳಿದವಳು, ಉಳಿಸಿದವಳು: ದಾನಚಿಂತಾಮಣಿ ಅತ್ತಿಮಬ್ಬೆ

ಮನುಷ್ಯಜನ್ಮವು ದುರ್ಲಭವೆಂದು ಜೈನಾಚಾರ್ಯರು ಮತ್ತೆ ಮತ್ತೆ ಹೇಳಿದ್ದಾರೆ. ದುರ್ಲಭವಾದುದು ಕೈಗೆ ಬಂದ ಮೇಲೆ ಅದನ್ನು ಸಾರ್ಥಕಗೊಳಿಸುವ ಬಗೆ ಯಾವುದು? ಈ ಪ್ರಶ್ನೆಗೆ ಶ್ರಾವಕಾಚಾರ ಗ್ರಂಥಗಳು ವ್ರತ, ಶೀಲ, ದಾನ, ಪೂಜೆಗಳ ಕ್ರಮವನ್ನು ವಿವರಿಸಿ ಉತ್ತರ ಕೊಡುತ್ತವೆ. ಆದರೆ ಗ್ರಂಥದಲ್ಲಿರುವ ಕ್ರಮವು ಒಬ್ಬ ವ್ಯಕ್ತಿಯ ಬಾಳಾಗಿ ಮೈದಳೆಯುವ ಪರಿಯನ್ನು ಅರಿಯಬೇಕಾದರೆ ಚರಿತ್ರೆಯತ್ತ ತಿರುಗಬೇಕಾಗುತ್ತದೆ. ಎಲ್ಲವೂ ಕೂಡಿಬಂದ ಬಾಳು ತುಂಬುಬಾಳೆಂದು ಲೋಕ ಬಗೆಯುತ್ತದೆ. ಅರ್ಧದಲ್ಲಿಯೇ ಮುರಿದು ಬಿದ್ದ ಬಾಳೂ ತುಂಬುಬಾಳಾಗಬಹುದೆಂಬುದಕ್ಕೆ ಕನ್ನಡನಾಡಿನ ಚರಿತ್ರೆಯಲ್ಲಿ ಅತ್ತಿಮಬ್ಬೆಗಿಂತ ದೊಡ್ಡ ನಿದರ್ಶನ ದೊರೆಯುವುದು ಕಷ್ಟ.

ಅತ್ತಿಮಬ್ಬೆಯ ಕಾಲ ರಾಜ್ಯಗಳು ಉರುಳಿ ರಾಜ್ಯಗಳು ಎದ್ದ ಕಾಲ. ಕ್ರಿ.ಶ. 973ರಲ್ಲಿ ಚಾಲುಕ್ಯ ಇಮ್ಮಡಿ ತೈಲಪನು ರಾಷ್ಟ್ರಕೂಟ ಕರ್ಕನನ್ನು ಸೋಲಿಸಿ ತನ್ನ ವಂಶದ ಆಳ್ವಿಕೆಯನ್ನು ಮತ್ತೆ ನೆಲೆಗೊಳಿಸಿದನು. ಎರಡು ಶತಮಾನಗಳಿಗೂ ಮಿಕ್ಕಿ ದಖ್ಖನನ್ನು ಆಳಿದ್ದ ರಾಷ್ಟ್ರಕೂಟರ ವೈಭವ ಅಲ್ಲಿಗೆ ಮುಗಿಯಿತು. ಹೊಸ ರಾಜ್ಯವನ್ನು ಉಳಿಸಿಕೊಳ್ಳಲು ಕಾದಾಟಗಳು ಎಡೆಬಿಡದೆ ನಡೆದವು. ಆ ಕಾದಾಟಗಳಲ್ಲಿ ತೈಲಪನ ಬೆನ್ನಿಗೆ ನಿಂತ ಎರಡು ಜೈನ ಮನೆತನಗಳು ಅತ್ತಿಮಬ್ಬೆಯ ತವರು ಮತ್ತು ಅತ್ತೆಮನೆಗಳು. ತಂದೆ ಮಲ್ಲಪನು ವೆಂಗಿಮಂಡಲ ಮೂಲದ ಮನೆತನದವನು, ಸೇನಾನಿ. ಮಾವ ಧಲ್ಲಪನು ತೈಲಪನ ಮಹಾಮಂತ್ರಿ. ಧಲ್ಲಪನ ಮಗ ನಾಗದೇವನು ಚಿಕ್ಕ ವಯಸ್ಸಿನಲ್ಲಿಯೇ ರಣರಂಗದಲ್ಲಿ ಹೆಸರಾದ ವೀರ. ಮಲ್ಲಪನು ತನ್ನ ಇಬ್ಬರು ಹೆಣ್ಣುಮಕ್ಕಳಾದ ಅತ್ತಿಮಬ್ಬೆ ಮತ್ತು ಗುಂಡಮಬ್ಬೆಯರನ್ನು ಈ ನಾಗದೇವನಿಗೇ ಕೊಟ್ಟು ವಿವಾಹ ಮಾಡಿದನು.

ತವರುಮನೆಯಲ್ಲಿ ಶಸ್ತ್ರದಷ್ಟೇ ಶಾಸ್ತ್ರಕ್ಕೂ ಗೌರವವಿತ್ತು. ಮಲ್ಲಪ ಮತ್ತು ಅವನ ಸೋದರ ಪುನ್ನಮಯ್ಯ ತಮ್ಮ ಗುರುಗಳಾದ ಜಿನಚಂದ್ರದೇವರ ಗೌರವಾರ್ಥವಾಗಿ ಒಂದು ಕಾವ್ಯವನ್ನು ರಚಿಸಬೇಕೆಂದು ಮಹಾಕವಿ ಪೊನ್ನನನ್ನು ಕೇಳಿಕೊಂಡರು. ಹದಿನಾರನೆಯ ತೀರ್ಥಂಕರರ ಚರಿತೆಯಾದ ‘ಶಾಂತಿಪುರಾಣ’ ಹುಟ್ಟಿದ್ದು ಹೀಗೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಂದ ಸನ್ಮಾನಿತನಾಗಿದ್ದ ಕವಿಯ ಕೃತಿಯೊಂದು ಒಂದು ಕುಟುಂಬದ ಗುರುಭಕ್ತಿಯ ಫಲವಾಗಿ ಬಂದಿತು. ಪುಸ್ತಕವೆಂಬುದು ಗುರುವಿಗೆ ಸಲ್ಲಿಸಬಹುದಾದ ಕಾಣಿಕೆಯೆಂಬ ತಿಳಿವಳಿಕೆ ಅತ್ತಿಮಬ್ಬೆಗೆ ಹೊರಗಿನಿಂದ ಬರಬೇಕಾಗಿರಲಿಲ್ಲ.

ಅವಳ ಬದುಕನ್ನು ಎರಡಾಗಿ ಸೀಳಿದ್ದು ನಾಗದೇವನ ಮರಣ. ಅವನು ಯುದ್ಧದಲ್ಲಿ ಮಡಿದನು. ತಂಗಿ ಗುಂಡಮಬ್ಬೆ ಪತಿಯೊಡನೆ ಚಿತೆಯನ್ನೇರಿದಳು. ಅಕ್ಕ ಅತ್ತಿಮಬ್ಬೆ ಎಳೆಯ ಮಗ ಅಣ್ಣಿಗನೊಡನೆ ಉಳಿದಳು. ಒಂದೇ ಮನೆಯಲ್ಲಿ ಹುಟ್ಟಿ, ಒಂದೇ ಮನೆಯನ್ನು ಸೇರಿ, ಒಬ್ಬನನ್ನೇ ಪತಿಯಾಗಿ ಪಡೆದ ಇಬ್ಬರು ಸೋದರಿಯರು ಒಂದೇ ದುಃಖದ ಮುಂದೆ ನಿಂತಾಗ ಎರಡು ದಾರಿಗಳನ್ನು ಹಿಡಿದರು.

ಈ ಎಡೆಯಲ್ಲಿ ಅವಸರದ ತೀರ್ಪು ಸಲ್ಲದು. ವೀರನ ಮಡದಿ ಚಿತೆಯೇರುವುದು ಅಂದಿನ ಯೋಧಸಮಾಜದಲ್ಲಿ ದೊಡ್ಡ ಗೌರವ ಪಡೆದಿದ್ದ ನಡೆ. ಕನ್ನಡನಾಡಿನ ಊರೂರುಗಳಲ್ಲಿ ನಿಂತಿರುವ ಮಾಸ್ತಿಕಲ್ಲುಗಳೇ ಅದಕ್ಕೆ ಸಾಕ್ಷಿ. ಗುಂಡಮಬ್ಬೆಯ ಮನಸ್ಸಿನಲ್ಲಿ ಆ ಹೊತ್ತು ಏನಿದ್ದಿತೆಂದು ಸಾವಿರ ವರ್ಷಗಳ ಈಚೆಗೆ ಕುಳಿತು ಅಳೆಯುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಆದರೆ ಜೈನಶಾಸ್ತ್ರದ ನಿಲುವು ಏನೆಂಬುದು ಸ್ಪಷ್ಟವಾಗಿದೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಲೋಕಮೂಢತೆಗಳನ್ನು ಎಣಿಸುವಾಗ ಪುಣ್ಯ ಬರುತ್ತದೆಂದು ನದಿ ಸಮುದ್ರಗಳಲ್ಲಿ ಮುಳುಗುವುದು, ಮರಳು ಕಲ್ಲುಗಳನ್ನು ರಾಶಿ ಹಾಕುವುದು, ಬೆಟ್ಟದಿಂದ ಬೀಳುವುದು ಇವುಗಳ ಜೊತೆಗೆ ಬೆಂಕಿಯಲ್ಲಿ ಬೀಳುವುದನ್ನೂ ಸೇರಿಸಿದ್ದಾರೆ. ಅಂದರೆ ಅಂದಿನ ಲೋಕರೂಢಿ ಒಂದು ಕಡೆಗೆ ಎಳೆಯುತ್ತಿದ್ದರೆ ಶಾಸ್ತ್ರದ ವಿವೇಕ ಇನ್ನೊಂದು ಕಡೆಗೆ ಕೈದೋರುತ್ತಿತ್ತು. ತಂಗಿಗೆ ಲೋಕದ ಮನ್ನಣೆ ಸಿದ್ಧವಾಗಿತ್ತು. ಅಕ್ಕನು ಹಿಡಿದ ದಾರಿಯಲ್ಲಿ ಅಂತಹ ಸಿದ್ಧ ಮನ್ನಣೆ ಇರಲಿಲ್ಲ. ಅಲ್ಲಿದ್ದುದು ಒಂದು ಮಗು, ಅಪಾರ ಐಶ್ವರ್ಯ, ಮತ್ತು ಹೇಗೆ ಕಳೆಯಬೇಕೆಂದು ಯಾರೂ ಹೇಳಿಕೊಡದ ದೀರ್ಘ ವರ್ಷಗಳು.

ಆ ವರ್ಷಗಳನ್ನು ಅವಳು ಕಳೆದ ರೀತಿಯನ್ನು ಕವಿಚಕ್ರವರ್ತಿ ರನ್ನನು ‘ಅಜಿತಪುರಾಣ’ದಲ್ಲಿ ದಾಖಲಿಸಿದ್ದಾನೆ. ವ್ರತೋಪವಾಸಗಳಿಂದ ಅವಳು ದೇಹವನ್ನು ದಂಡಿಸಿದಳು; ಮಗನನ್ನು ಸಾಕಿ ಬೆಳೆಸಿದಳು; ಬೆಳೆದ ಮಗ ತಂದೆಯಂತೆಯೇ ಸೇನೆಯಲ್ಲಿ ಪದವಿಗೇರಿದನು. ಇಷ್ಟೇ ಆಗಿದ್ದರೆ ಅವಳು ಕರ್ತವ್ಯನಿಷ್ಠಳಾದ ಒಬ್ಬ ತಾಯಿಯಾಗಿ ಮಗನ ವಂಶಾವಳಿಯಲ್ಲಿ ಒಂದು ಹೆಸರಾಗಿ ಉಳಿಯುತ್ತಿದ್ದಳು. ಅವಳ ವ್ಯಕ್ತಿತ್ವ ಬೆಳೆದದ್ದು ಇದರ ಮುಂದಿನ ಹೆಜ್ಜೆಯಲ್ಲಿ. ತನ್ನದಾಗಿ ಉಳಿದ ಸಂಪತ್ತನ್ನು ತನ್ನದಲ್ಲವೆಂದು ತಿಳಿದು ಅವಳು ಹಂಚತೊಡಗಿದಳು. ಚಿನ್ನ ಮತ್ತು ರತ್ನಗಳ 1500 ಜಿನಪ್ರತಿಮೆಗಳನ್ನು ಮಾಡಿಸಿ ದಾನವಿತ್ತಳು. ತಂದೆ ಮತ್ತು ಚಿಕ್ಕಪ್ಪಂದಿರು ಬರೆಯಿಸಿದ್ದ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು.

ಈ ಸಾವಿರ ಪ್ರತಿಗಳ ಅರ್ಥವನ್ನು ಗ್ರಹಿಸಲು ಓಲೆಗರಿಯ ಕಾಲವನ್ನು ಕಣ್ಣೆದುರಿಗೆ ತಂದುಕೊಳ್ಳಬೇಕು. ತಾಳೆಯ ಗರಿಗಳನ್ನು ಹದಗೊಳಿಸಿ ಒಣಗಿಸಿ ಒಂದೇ ಅಳತೆಗೆ ಕತ್ತರಿಸಬೇಕು. ಕಂಠದ ಮೊನೆಯಿಂದ ಒಂದೊಂದೇ ಅಕ್ಷರವನ್ನು ಗರಿಯ ಮೈಮೇಲೆ ಕೊರೆಯಬೇಕು. ಕೊರೆದ ಗೆರೆಗಳಿಗೆ ಮಸಿಯನ್ನು ತೀಡಿ ಒರೆಸಿದರೆ ಅಕ್ಷರಗಳು ಕಪ್ಪಾಗಿ ಕಣ್ಣಿಗೆ ತೋರುತ್ತವೆ. ಒಂದು ಗರಿಗೆ ಹಿಡಿಯುವುದು ಕೆಲವೇ ಸಾಲುಗಳು. ಎಲ್ಲ ಗರಿಗಳನ್ನೂ ರಂಧ್ರದಲ್ಲಿ ದಾರ ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆಯಿಟ್ಟು ಕಟ್ಟಿದಾಗ ಒಂದು ಪ್ರತಿ ಸಿದ್ಧವಾಗುತ್ತದೆ. ಮಹಾಕಾವ್ಯವೊಂದನ್ನು ಹೀಗೆ ಒಮ್ಮೆ ಬರೆದು ಮುಗಿಸುವುದೇ ತಾಳ್ಮೆಯ ತಪಸ್ಸು. ಸಾವಿರ ಬಾರಿ ಬರೆಯಿಸುವುದೆಂದರೆ ಅನೇಕ ಲಿಪಿಕಾರರಿಗೆ ಅನ್ನ ವಸತಿಗಳನ್ನು ಕಲ್ಪಿಸಿ, ಗರಿಗಳನ್ನು ತರಿಸಿ, ಪಾಠ ತಪ್ಪದಂತೆ ಒಪ್ಪ ನೋಡಿಸಿ ದೀರ್ಘಕಾಲ ನಡೆಸಬೇಕಾದ ಕಾರ್ಯ. ಅದು ದುಃಖದ ಒಂದು ಆವೇಶದಲ್ಲಿ ಮಾಡಿ ಮುಗಿಸುವ ದಾನವಲ್ಲ. ಪ್ರತಿದಿನವೂ ಮತ್ತೆ ಸಂಕಲ್ಪಿಸಬೇಕಾದ ದಾನ.

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ಜೈನಧರ್ಮವು ಹೇಳುವ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಒಂದು ವೈಶಿಷ್ಟ್ಯವಿದೆ. ಕೊಟ್ಟ ಅನ್ನ ಒಂದು ಹಸಿವನ್ನು ಹಿಂಗಿಸುತ್ತದೆ. ಕೊಟ್ಟ ಪುಸ್ತಕವನ್ನು ಒಬ್ಬ ಓದುತ್ತಾನೆ, ಹತ್ತು ಜನ ಕೇಳುತ್ತಾರೆ, ಮುಂದಿನ ತಲೆಮಾರಿನವನೊಬ್ಬ ಅದರಿಂದ ಇನ್ನೊಂದು ಪ್ರತಿಯನ್ನು ಮಾಡಿಕೊಳ್ಳುತ್ತಾನೆ. ಪೊನ್ನನ ಇನ್ನೊಂದು ಕಾವ್ಯವಾದ ‘ಭುವನೈಕರಾಮಾಭ್ಯುದಯ’ ಇಂದು ನಮಗೆ ದೊರೆತಿಲ್ಲ. ‘ಶಾಂತಿಪುರಾಣ’ ದೊರೆತಿದೆ. ಗೆದ್ದಲು, ಬೆಂಕಿ, ಮಳೆ, ಯುದ್ಧಗಳನ್ನು ದಾಟಿ ಒಂದು ಕೃತಿ ಉಳಿಯುವುದಕ್ಕೆ ಕಾರಣಗಳು ಹಲವು ಇರಬಹುದು. ಆದರೆ ಸಾವಿರ ಮನೆ ಬಸದಿಗಳಿಗೆ ಹೋದ ಪುಸ್ತಕಕ್ಕೂ ಕೆಲವೇ ಕೈಗಳಲ್ಲಿ ನಿಂತ ಪುಸ್ತಕಕ್ಕೂ ಆಯುಸ್ಸಿನಲ್ಲಿ ಅಂತರವಿರುವುದು ಸಹಜ.

ಅತ್ತಿಮಬ್ಬೆಯ ಆಶ್ರಯದಲ್ಲಿ ರನ್ನನು ರಚಿಸಿದ ‘ಅಜಿತಪುರಾಣ’ ಮುಗಿದದ್ದು ಕ್ರಿ.ಶ. 993ರಲ್ಲಿ. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿ, ವಿದ್ಯೆಗಾಗಿ ಗಂಗವಾಡಿಗೆ ಹೋಗಿ, ಅಜಿತಸೇನಾಚಾರ್ಯರ ಬಳಿ ಕಲಿತು, ಚಾವುಂಡರಾಯನ ಪೋಷಣೆ ಪಡೆದು ಬಂದ ರನ್ನನೂ ಸ್ವಪ್ರಯತ್ನದಿಂದ ಬೆಳೆದವನೇ. ಅವನು ಆಯ್ದುಕೊಂಡ ವಸ್ತು ಗಮನಾರ್ಹವಾಗಿದೆ. ಎರಡನೆಯ ತೀರ್ಥಂಕರರಾದ ಅಜಿತನಾಥರ ಚರಿತೆಯ ಜೊತೆಗೆ ಅದರಲ್ಲಿ ಸಗರ ಚಕ್ರವರ್ತಿಯ ಕಥೆಯೂ ಬರುತ್ತದೆ. ಅರುವತ್ತು ಸಾವಿರ ಮಕ್ಕಳ ತಂದೆಯಾದ ಸಗರನು ಭೋಗದಲ್ಲಿ ಮೈಮರೆತಿದ್ದಾಗ ಅವನನ್ನು ಎಚ್ಚರಿಸಲು ಅವನ ಪೂರ್ವಜನ್ಮದ ಗೆಳೆಯನಾದ ಮಣಿಕೇತುವೆಂಬ ದೇವನು ಉಪಾಯ ಹೂಡುತ್ತಾನೆ. ಸತ್ತ ಮಗನನ್ನು ಬದುಕಿಸಿಕೊಡೆಂದು ಬಂದ ಮುದಿ ಬ್ರಾಹ್ಮಣನ ವೇಷದ ದೇವನಿಗೆ ಮರಣವನ್ನು ಯಾರೂ ತಡೆಯಲಾರರೆಂದು ಸಗರನು ಬುದ್ಧಿ ಹೇಳುತ್ತಾನೆ. ಅದೇ ಮಾತು ಮರುಕ್ಷಣ ಅವನಿಗೇ ತಿರುಗಿ ಬರುತ್ತದೆ: ಅವನ ಮಕ್ಕಳೆಲ್ಲರೂ ಅಳಿದರೆಂಬ ವಾರ್ತೆ ಕಿವಿಗೆ ಬೀಳುತ್ತದೆ. ಇತರರಿಗೆ ಹೇಳಿದ ವೈರಾಗ್ಯವನ್ನು ತಾನು ಬಾಳಬೇಕಾದ ಹೊತ್ತು ಅದು. ಸಗರನು ರಾಜ್ಯವನ್ನು ಭಗೀರಥನಿಗೆ ಒಪ್ಪಿಸಿ ದೀಕ್ಷೆ ಪಡೆಯುತ್ತಾನೆ.

ಪತಿಯನ್ನೂ ತಂಗಿಯನ್ನೂ ಒಟ್ಟಿಗೆ ಕಳೆದುಕೊಂಡ ಮಹಿಳೆಯೊಬ್ಬಳು ಬರೆಯಿಸಿದ ಕಾವ್ಯದಲ್ಲಿ ಈ ಕಥೆ ಬಂದಿರುವುದನ್ನು ಓದುವಾಗ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ಸಗರನಿಗೂ ಅವಳಿಗೂ ಮುಟ್ಟಿದ ಪೆಟ್ಟು ಒಂದೇ ಜಾತಿಯದು. ಸಗರನು ಲೋಕವನ್ನು ಬಿಟ್ಟು ಬೆಳೆದನು; ಅತ್ತಿಮಬ್ಬೆ ಲೋಕದೊಳಗಿದ್ದು ಬೆಳೆದಳು. ಮುನಿಧರ್ಮದ ದಾರಿಯೊಂದು, ಶ್ರಾವಕಧರ್ಮದ ದಾರಿಯೊಂದು. ಎರಡರಲ್ಲಿಯೂ ಆರಂಭದ ಹೆಜ್ಜೆ ಸಮಾನವಾದುದು: ‘ನನ್ನದು’ ಎಂಬ ಹಿಡಿತ ಸಡಿಲವಾಗುವುದು. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳಬೇಕೆಂಬ ಅಣುವ್ರತವು ಸಿರಿವಂತರ ಮನೆಯಲ್ಲಿ ಬರಿಯ ಮಾತಾಗಿ ಉಳಿಯುವುದುಂಟು. ಅವಳಲ್ಲಿ ಅದು ಎಣಿಕೆಗೆ ಸಿಗುವ ಕ್ರಿಯೆಯಾಯಿತು.

ರನ್ನನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಕವಿಯು ಆಶ್ರಯದಾತರನ್ನು ಕಾವ್ಯದಲ್ಲಿ ಹೊಗಳುವುದು ವಾಡಿಕೆ. ಆ ಹೊಗಳಿಕೆಯಲ್ಲಿ ಉಪ್ಪಿನ ಸಾಲವೂ ಸೇರಿರುತ್ತದೆ. ಮನೆಯ ಮಗುವಿಗೆ ಇಟ್ಟ ಹೆಸರು ಹಾಗಲ್ಲ. ದಿನಕ್ಕೆ ಹತ್ತು ಬಾರಿ ಕರೆಯುವ ಹೆಸರಿನಲ್ಲಿ ಕೃತಕತೆ ಬಹಳ ಕಾಲ ಬಾಳಲಾರದು.

ಲಕ್ಕುಂಡಿಯ ಬ್ರಹ್ಮಜಿನಾಲಯ ಅವಳ ಬಾಳಿನ ಇನ್ನೊಂದು ಸಾಕ್ಷಿ. ಗದಗಿನ ಸಮೀಪದ ಈ ಊರು ಅಂದಿಗೆ ಲೊಕ್ಕಿಗುಂಡಿ. ಇರಿವಬೆಡಂಗ ಸತ್ಯಾಶ್ರಯನು ಆಳುತ್ತಿದ್ದಾಗ, ಕ್ರಿ.ಶ. 1007ರ ಶಾಸನವು ಅವಳ ಧರ್ಮಕಾರ್ಯಗಳನ್ನು ವಿವರವಾಗಿ ಕೊಂಡಾಡುತ್ತದೆ. ‘ಅಜಿತಪುರಾಣ’ಕ್ಕೂ ಈ ಶಾಸನಕ್ಕೂ ನಡುವೆ 14 ವರ್ಷಗಳ ಅಂತರವಿದೆ. ನಾಗದೇವನ ಮರಣವು ಕಾವ್ಯಕ್ಕಿಂತಲೂ ಹಿಂದಿನದು. ಹಾಗಾದರೆ ಅವಳ ದಾನಜೀವನವು ಒಂದೂವರೆ ದಶಕಕ್ಕೆ ಕಡಿಮೆಯಿಲ್ಲದೆ ಒಂದೇ ಹದದಲ್ಲಿ ನಡೆಯಿತೆಂದಾಯಿತು. ಶೋಕವು ಎಷ್ಟೇ ತೀವ್ರವಾಗಿದ್ದರೂ ಇಷ್ಟು ದೀರ್ಘಕಾಲ ಒಬ್ಬರನ್ನು ನಡೆಸಲಾರದು. ಆರಂಭದಲ್ಲಿ ಶೋಕವಿದ್ದ ಎಡೆಯಲ್ಲಿ ಕ್ರಮೇಣ ಸಂಕಲ್ಪವು ಬಂದು ನೆಲೆಸಿರಬೇಕು. ಸಂಕಲ್ಪವು ಸ್ವಭಾವವಾಗಿ ಮಾರ್ಪಟ್ಟಿರಬೇಕು.

ಅವಳ ಸುತ್ತ ಅತಿಶಯದ ಕಥೆಗಳೂ ಬೆಳೆದಿವೆ. ಗೊಮ್ಮಟನನ್ನು ಕಾಣುವವರೆಗೆ ಆಹಾರ ಮುಟ್ಟೆನೆಂದು ವ್ರತ ತೊಟ್ಟು ಅವಳು ಬೆಟ್ಟವೇರುವಾಗ ಅಕಾಲದಲ್ಲಿ ಮಳೆ ಸುರಿದು ಬಳಲಿಕೆ ಪರಿಹಾರವಾಯಿತಂತೆ. ತುಂಬಿ ಹರಿಯುತ್ತಿದ್ದ ಗೋದಾವರಿ ಅವಳಿಗಾಗಿ ನಿಂತಿತಂತೆ. ಈ ಗೋದಾವರಿಯ ಪ್ರಸಂಗ ಎಷ್ಟು ಜನಜನಿತವಾಗಿತ್ತೆಂದರೆ, ಒಂದು ಶತಮಾನದ ತರುವಾಯ ಹೊಯ್ಸಳ ದಂಡನಾಯಕ ಗಂಗರಾಜನ ಮಹಿಮೆಯನ್ನು ಹೇಳುವ ಶ್ರವಣಬೆಳಗೊಳದ ಶಾಸನವು ಅವಳನ್ನೇ ಹೋಲಿಕೆಗೆ ತೆಗೆದುಕೊಂಡಿದೆ. ನದಿ ನಿಂತಿತೋ ಇಲ್ಲವೋ ಎಂಬ ಚರ್ಚೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಕಾಲದ ಹೊಳೆಯಲ್ಲಿ ಕೊಚ್ಚಿಹೋಗಬಹುದಾಗಿದ್ದ ಒಂದು ಕಾವ್ಯವನ್ನು ಅವಳು ತಡೆದು ನಿಲ್ಲಿಸಿದಳು. ಕಣ್ಣಿಗೆ ಕಾಣುವ ಅತಿಶಯ ಅದು.

ಲಕ್ಕುಂಡಿಯ ಬಸದಿ ಇಂದಿಗೂ ನಿಂತಿದೆ. ಒಳಗೆ ಚತುರ್ಮುಖ ಬ್ರಹ್ಮನ ಮೂರ್ತಿಯೂ ಪದ್ಮಾವತಿಯ ಮೂರ್ತಿಯೂ ಇವೆ. ಕರ್ನಾಟಕ ಸರ್ಕಾರವು ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತಿದೆ. ತೈಲಪನ ಯುದ್ಧಗಳಲ್ಲಿ ಗೆದ್ದ ನೆಲ ಯಾರಯಾರದೋ ಆಗಿ ಹೋಯಿತು. ಆ ಮನೆತನಗಳ ಅಧಿಕಾರವೂ ಕರಗಿತು. ಅವಳು ತನಗೆಂದು ಇಟ್ಟುಕೊಂಡಿದ್ದರೆ ಆ ಚಿನ್ನವೂ ಅವುಗಳೊಡನೆಯೇ ಹೋಗುತ್ತಿತ್ತು.

ಬಾಳು ತುಂಬುವುದು ಯಾವಾಗ ಎಂಬ ಪ್ರಶ್ನೆಗೆ ಅತ್ತಿಮಬ್ಬೆಯ ಚರಿತ್ರೆಯಿಂದ ದೊರೆಯುವ ಉತ್ತರ ಸರಳವಾಗಿದೆ. ಕಳೆದುಕೊಂಡುದರ ಲೆಕ್ಕವನ್ನು ಅವಳು ಬರೆಯಿಸಲಿಲ್ಲ. ಉಳಿದುದು ಏನೆಂದು ನೋಡಿದಳು. ಒಂದು ಮಗು, ಒಂದಿಷ್ಟು ಐಶ್ವರ್ಯ, ತಂದೆಯ ಮನೆಯಿಂದ ಬಂದ ಒಂದು ಪುಸ್ತಕ. ಮಗುವನ್ನು ಬೆಳೆಸಿದಳು, ಐಶ್ವರ್ಯವನ್ನು ಹಂಚಿದಳು, ಪುಸ್ತಕವನ್ನು ಸಾವಿರವಾಗಿಸಿದಳು. ಶಾಂತಿಪುರಾಣದ ಒಂದು ಪದ್ಯವನ್ನು ಇಂದು ಯಾರಾದರೂ ಓದಿದರೆ ಅದರಲ್ಲಿ ಪೊನ್ನನ ಪ್ರತಿಭೆಯ ಜೊತೆಗೆ, ಹೆಸರು ತಿಳಿಯದ ಲಿಪಿಕಾರರ ಕೈಬರಹದ ಜೊತೆಗೆ, ಚಿತೆಯ ಮುಂದಿನಿಂದ ಮಗುವಿನ ಕೈಹಿಡಿದು ಮನೆಗೆ ಮರಳಿದ ಒಬ್ಬ ತಾಯಿಯ ನಿರ್ಧಾರವೂ ಸೇರಿದೆ.