ಕೋಲಾರ ಸೀಮೆಯ ‘ಬೋರು’: ಒಂದು ಇಂಗ್ಲಿಷ್ ಜೋಡುಪದದ ಜಾಡು

‘ಬೋರ್‌ವೆಲ್’ ಎಂಬ ಜೋಡುಪದ ಇಂಗ್ಲಿಷಿನದೇ ಆದರೂ ಹೆಚ್ಚು ಬಳಕೆಯಾಗುವುದು ಭಾರತದಲ್ಲಿ. ಇಂಗ್ಲೆಂಡಿನವರು ಅದನ್ನು ‘ಬೋರ್‌ಹೋಲ್’ ಎನ್ನುತ್ತಾರೆ. ಆಸ್ಟ್ರೇಲಿಯದ ರೈತರಿಗೆ ‘ಬೋರ್’ ಎಂದರೆ ಸಾಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ರೈತರೂ ‘ವೆಲ್’ ಅನ್ನು ಯಾವತ್ತೋ ಕೈಬಿಟ್ಟಿದ್ದಾರೆ. ಇಲ್ಲಿ ಅದು ಬರೀ ಬೋರು.

ಹಾಗೆ ಕೈಬಿಟ್ಟದ್ದಕ್ಕೆ ಕಾರಣವಿದೆ. ಈ ಸೀಮೆಯವರಿಗೆ ಬಾವಿ ಎಂದರೆ ಇಳಿಯಲು ಮೆಟ್ಟಿಲು, ನೀರೆತ್ತಲು ಏತವೋ ಎತ್ತು ಕಟ್ಟಿದ ಕಪಿಲೆಯೋ ಇರುವ ಜಾಗ. ಆರಿಂಚಿನ ತೂತನ್ನು ಬಾವಿ ಎನ್ನಲು ನಾಲಿಗೆ ಏಳಲಿಲ್ಲ. ಕ್ರಿಯಾಪದವೂ ಬೇರೆಯಾಯಿತು: ಬಾವಿಯನ್ನು ತೋಡಿಸುತ್ತಾರೆ, ಬೋರನ್ನು ‘ಹಾಕಿಸುತ್ತಾರೆ’. ಗಡಿಯ ಹಳ್ಳಿಗಳ ಮನೆಮಾತಾದ ತೆಲುಗಿನಲ್ಲೂ ಅದು ‘ಬೋರು ವೇಯಿಂಚು’. ಎರಡು ಭಾಷೆಗೂ ಒಂದೇ ಅಚ್ಚು.

ಸರ್ಕಾರಿ ಕನ್ನಡ ಮಾತ್ರ ‘ಕೊಳವೆ ಬಾವಿ’ ಎಂದು ಬರೆಯುತ್ತದೆ. ಪದ ಸೊಗಸಾಗಿದೆ, ಆದರೆ ಅರ್ಥದಲ್ಲಿ ಅದು ‘ಟ್ಯೂಬ್‌ವೆಲ್’ನ ಅನುವಾದ. ಟ್ಯೂಬ್‌ವೆಲ್ ಗಂಗಾ ಬಯಲಿನ ಮೆಕ್ಕಲು ಮಣ್ಣಿನದು. ಮಣ್ಣು ಕುಸಿಯದಂತೆ ಅಲ್ಲಿ ಆಳದವರೆಗೂ ಕೊಳವೆ ಇಳಿಸಬೇಕು. ಕೋಲಾರದ ನೆಲ ಗ್ರಾನೈಟು, ನೈಸ್ ಶಿಲೆಗಳದು. ಮೇಲಿನ ಸಡಿಲ ಮಣ್ಣಿಗೆ ಮಾತ್ರ ಕೇಸಿಂಗ್ ಪೈಪು, ಕೆಳಗೆ ಬರಿಯ ಬಂಡೆ. ನಿಖರತೆಯ ಮಟ್ಟಿಗೆ ಹೇಳುವುದಾದರೆ ಕಡತದ ಕನ್ನಡಕ್ಕಿಂತ ರೈತನ ‘ಬೋರು’ ಭೂವಿಜ್ಞಾನಕ್ಕೆ ಹತ್ತಿರ.

ಬಿಹಾರದ ಬರಗಾಲದ ಹೊತ್ತಿಗೆ, 1967ರಲ್ಲಿ, ಯುನಿಸೆಫ್ ಗಟ್ಟಿ ಬಂಡೆ ಕೊರೆಯುವ ರಿಗ್‌ಗಳನ್ನು ಭಾರತಕ್ಕೆ ತರಿಸಿತು. ಮುಂದೆ ಹಳ್ಳಿಗಳಿಗೆ ಕೈಪಂಪು ಬಂತು. ಆ ತಲೆಮಾರಿನ ಬಾಯಲ್ಲಿ ‘ಬೋರಿಂಗು’ ಎಂದರೆ ಹೆಂಗಸರು ಕೊಡ ಹಿಡಿದು ಸಾಲು ನಿಲ್ಲುತ್ತಿದ್ದ ಆ ಕೈಪಂಪೇ. ಕೊರೆಯುವ ಕೆಲಸದ ಹೆಸರು ನೀರೆತ್ತುವ ಸಾಧನಕ್ಕೆ ಅಂಟಿತು. ಹೊಲಗಳಿಗೆ ಸಬ್‌ಮರ್ಸಿಬಲ್ ಮೋಟಾರು ಇಳಿದ ಮೇಲೆ ಅರ್ಥ ಇನ್ನೊಮ್ಮೆ ಹೊರಳಿ, ಬೋರು ಎಂದರೆ ಆಸ್ತಿ ಎಂದಾಯಿತು: ‘ಅವರಿಗೆ ಎರಡು ಬೋರಿದೆ.’

ಬೋರಿನ ಸುತ್ತ ಒಂದು ಪದಕೋಶವೇ ಬೆಳೆದಿದೆ. ಮೊದಲು ‘ಪಾಯಿಂಟ್’ ನೋಡಿಸಬೇಕು. ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತರೆ ಅಲ್ಲಿ ನೀರಿದೆ ಎಂಬ ನಂಬಿಕೆ. ಭೂವಿಜ್ಞಾನಿಗಳು ಒಪ್ಪುವುದಿಲ್ಲ, ಕಾಯಿಯವರಿಗೆ ಬೇಡಿಕೆ ತಗ್ಗಿಲ್ಲ. ಆಮೇಲೆ ರಿಗ್ ಲಾರಿ ಬರುತ್ತದೆ. ಬಹಳಷ್ಟು ರಿಗ್‌ಗಳ ತವರು ತಮಿಳುನಾಡಿನ ತಿರುಚೆಂಗೋಡು. ಕಂಪ್ರೆಸರ್ ಮೊರೆಯುತ್ತದೆ, ಬಿಳಿ ಧೂಳು ಟೊಮೆಟೊ ಗಿಡಗಳ ಮೇಲೆ ಕೂರುತ್ತದೆ, ಮನೆಯವರು ಅಡಿ ಎಣಿಸುತ್ತಾ ನಿಲ್ಲುತ್ತಾರೆ. ಆಳ ಹೆಚ್ಚಿದಂತೆ ಅಡಿಯ ದರವೂ ಏರುತ್ತದೆ. ಈಗ 1,000 ಅಡಿ ದಾಟುವುದು ಇಲ್ಲಿ ಮಾಮೂಲು. ಧೂಳು ಕೆಸರಾದರೆ ಆಸೆ. ಸಿಕ್ಕ ನೀರಿಗೆ ‘ಇಂಚು’ ಅಳತೆ. ವಿ ಆಕಾರದ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರ ಅದು. ಕೊನೆವರೆಗೂ ಧೂಳೇ ಬಂದರೆ ‘ಫೇಲ್’. ಪರೀಕ್ಷೆಯ ಪದವೇ, ಆದರೆ ಇಲ್ಲಿ ಫೇಲಾದದ್ದಕ್ಕೂ ಪೂರ್ತಿ ದುಡ್ಡು ಕೊಡಬೇಕು.

ಬೇಸರ ಎನ್ನುವ ‘ಬೋರ್’ ಬೇರೆಯೇ ಪದ. ಕೊರೆಯುವ ಬೋರ್ ಹಳೆಯ ಇಂಗ್ಲಿಷಿನಿಂದಲೇ ಬಂದದ್ದು. ಬೇಸರದ ಬೋರ್ 18ನೇ ಶತಮಾನದಲ್ಲಿ ಕಾಣಿಸಿಕೊಂಡಿತು. ಕನ್ನಡದಲ್ಲಿ ಇವೆರಡೂ ಬೆರೆಯುವುದಿಲ್ಲ: ಒಂದು ‘ಹೊಡೆಯುತ್ತದೆ’, ಇನ್ನೊಂದನ್ನು ‘ಹಾಕಿಸುತ್ತಾರೆ’.

2011ರ ಅಂತರ್ಜಲ ಕಾಯ್ದೆ ಬಂದ ಮೇಲೆ ಅತಿಬಳಕೆಯ ಈ ತಾಲ್ಲೂಕುಗಳಲ್ಲಿ ಬೋರು ಹಾಕಿಸಲು ‘ಪರ್ಮಿಷನ್’ ಕೂಡ ಬೇಕಾಯಿತು. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಹರಿದಾಗ ‘ಕೆಸಿ ವ್ಯಾಲಿ ನೀರು’ ಎಂಬ ಹೊಸ ಜೋಡಿ ಮಾತಿಗೆ ಸೇರಿತು. ಕೆರೆ ತುಂಬಿದಾಗ ಸುತ್ತಲ ಬೋರುಗಳಲ್ಲಿ ನೀರು ಮೇಲೇರಿದ್ದನ್ನು ರೈತರು ಕಂಡಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಮಾಡದೆ ಆ ನೀರು ಬಿಡಬಾರದೆಂಬ ಹೋರಾಟವೂ ಅದೇ ಜಿಲ್ಲೆಯಲ್ಲಿ ನಡೆದಿದೆ.