ಅಪ್ಪನ ಶೇರ್ವಾನಿ, ಅವ್ವನ ಇಳಕಲ್ ಸೀರೆ

ಕಳೆದ ದೀಪಾವಳಿಗೆ ಸಿಂಧನೂರಿಗೆ ಬಂದಿದ್ದ ಮೊಮ್ಮಗಳು ತನ್ನ ಮೊಬೈಲನ್ನು ಮುಂದೆ ಹಿಡಿದು ನನ್ನನ್ನು ಒಂದು ಪರೀಕ್ಷೆಗೆ ಕೂರಿಸಿದಳು. ಮೂವತ್ತೈದು ವರ್ಷ ಊರ ಮಕ್ಕಳಿಗೆಲ್ಲ ಪರೀಕ್ಷೆ ಕೊಟ್ಟವನಿಗೆ ಇದು ತಕ್ಕ ಶಾಸ್ತಿಯೇ ಎನ್ನಿ. "ತಾತಾ, ನಿನ್ನ ಡ್ರೆಸ್ಸು ಕ್ಲಾಸಿಕ್ಕೋ ಮಾಡರ್ನೋ, ಹತ್ತು ಪ್ರಶ್ನೆಯೊಳಗ ಗೊತ್ತಾಗ್ತದ" ಎಂದಳು. ಬಿಳಿಯ ಅಂಗಿ, ಬೂದು ಬಣ್ಣದ ಪ್ಯಾಂಟು, ಎಚ್.ಎಂ.ಟಿ. ಗಡಿಯಾರ ಎಂದು ಉತ್ತರಿಸುತ್ತ ಹೋದೆ. 'ಅಪ್ಪಟ ಕ್ಲಾಸಿಕ್' ಎಂದು ತೀರ್ಪು ಬಂದಿತು. ನನಗೆ ನಗು ತಡೆಯಲಾಗಲಿಲ್ಲ. ಇದೇ ಪ್ಯಾಂಟನ್ನು ಮೊದಲ ಬಾರಿ ತೊಟ್ಟು ಲಿಂಗಸುಗೂರಿನ ಮನೆಗೆ ಹೋದ ದಿನ ನಮ್ಮಜ್ಜಿ ಬಾಗಿಲಲ್ಲಿಯೇ ನಿಂತು "ಯಾರೋ ಸಾಹೇಬ ಬಂದಾನ ನೋಡ್ರಿ" ಎಂದು ಒಳಗೆ ಕೂಗಿ ಹೇಳಿದ್ದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪನ ಶೇರ್ವಾನಿ ಕಣ್ಣ ಮುಂದೆ ಬಂದು ನಿಂತಿತು.

ಲಿಂಗಸುಗೂರು ಇಂದು ರಾಯಚೂರು ಜಿಲ್ಲೆಯ ಒಂದು ತಾಲೂಕು ಕೇಂದ್ರವಾಗಿದ್ದರೂ 1905ರವರೆಗೆ ತನ್ನ ಹೆಸರಿನ ಜಿಲ್ಲೆಯನ್ನೇ ಹೊಂದಿತ್ತು. ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿ ಅಲ್ಲಿದ್ದುದರಿಂದ ಹಿರಿಯರ ಬಾಯಲ್ಲಿ ಅದು ಇಂದಿಗೂ 'ಛಾವಣಿ'. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು, ಕಚೇರಿಯ ಉಡುಪು ಶೇರ್ವಾನಿ. ತಹಸೀಲು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪನವರು ಮನೆಯಲ್ಲಿ ಧೋತರವನ್ನೂ ಕಚೇರಿಗೆ ಕಪ್ಪು ಶೇರ್ವಾನಿ ಮತ್ತು ರೂಮಿ ಟೋಪಿಯನ್ನೂ ಧರಿಸುತ್ತಿದ್ದರಂತೆ. ಓಣಿಯ ದರ್ಜಿ ಚಾಚಾ ಅದನ್ನು ಹೊಲಿದುಕೊಟ್ಟಿದ್ದರು. ಅವ್ವ ಹೇಳುತ್ತಿದ್ದಂತೆ, ಆ ಕಾಲಕ್ಕೆ ನಮ್ಮ ಓಣಿಯಲ್ಲಿ ಅದಕ್ಕಿಂತ ಹೊಸ ರೀತಿಯ ಉಡುಪು ಮತ್ತೊಂದಿರಲಿಲ್ಲ.

ಈಗ ಮದುವೆಮನೆಗಳಲ್ಲಿ ಮದುಮಗನಿಗೆ ಶೇರ್ವಾನಿ ತೊಡಿಸಿ 'ಸಾಂಪ್ರದಾಯಿಕ' ಎನ್ನುತ್ತಾರೆ. ಅದು ಅಷ್ಟು ಹಳೆಯದಲ್ಲ. ನಮ್ಮ ಹಳೆಯ ನಿಲುವಂಗಿಗೂ ಇಂಗ್ಲಿಷರ ಫ್ರಾಕ್ ಕೋಟಿಗೂ ನಂಟು ಬೆಸೆದು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡದ್ದು ಅದು. ಟೋಪಿಯ ಕಥೆ ಇನ್ನೂ ಸ್ವಾರಸ್ಯಕರವಾದದ್ದು. 'ರೂಮ್' ಎಂದರೆ ತುರ್ಕರ ಸೀಮೆ. ಅಲ್ಲಿ 1829ರಲ್ಲಿ ಸುಲ್ತಾನ ಎರಡನೆಯ ಮಹಮೂದ್ ತನ್ನ ಅಧಿಕಾರಿಗಳ ತಲೆಯಿಂದ ಹಳೆಯ ಪೇಟವನ್ನು ಇಳಿಸಿ, ಆಧುನಿಕತೆಯ ಗುರುತೆಂದು ಈ ಕೆಂಪು ಟೋಪಿಯನ್ನು ಇಡಿಸಿದ. ನೂರು ವರ್ಷ ತುಂಬುವುದರೊಳಗೆ, 1925ರಲ್ಲಿ, ಕೆಮಾಲ್ ಅತಾತುರ್ಕ್ ಅದೇ ಟೋಪಿಯನ್ನು ಹಿಂದುಳಿದ ಕಾಲದ ಗುರುತೆಂದು ಕಾನೂನು ಮಾಡಿ ನಿಷೇಧಿಸಿದ. ತನ್ನ ಹೆಸರಿನ ನಾಡಿನಲ್ಲಿ ನಿಷಿದ್ಧವಾದ ಮೇಲೂ ಅದು ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಮ್ಮ ಕಚೇರಿಗಳಲ್ಲಿ ದೊಡ್ಡಸ್ತಿಕೆಯಿಂದ ಮೆರೆಯಿತು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಅದಕ್ಕೆ ಮೊದಲು ರಜಾಕಾರರ ಹಾವಳಿಯಿಂದ ಹಳ್ಳಿಗಳು ನರಳಿದ್ದವು. ಅದರ ಬೆನ್ನಿಗೇ ಸಂಸ್ಥಾನದ ಹಲವು ಕಡೆ ಏನೂ ಅರಿಯದ ಮುಸಲ್ಮಾನರ ಮೇಲೆ ಸೇಡಿನ ಹಿಂಸೆ ನಡೆಯಿತು. ಪಂಡಿತ ಸುಂದರಲಾಲರ ಸಮಿತಿ ಅದನ್ನು ವರದಿಯಲ್ಲಿ ದಾಖಲಿಸಿತು. ಆ ವರದಿ ದೀರ್ಘಕಾಲ ಬೆಳಕು ಕಾಣಲಿಲ್ಲ. ಶಾಲೆಯಲ್ಲಿ ನಾನು ಇದರ ಮೊದಲರ್ಧವನ್ನಷ್ಟೇ ಕಲಿಸಿದೆ. ಪಠ್ಯಪುಸ್ತಕದಲ್ಲಿ ಇದ್ದುದೂ ಅಷ್ಟೇ.

ಆ ವಾರ ಅಪ್ಪ ಶೇರ್ವಾನಿಯನ್ನು ಮಡಚಿ ಟ್ರಂಕಿನ ತಳಕ್ಕಿಟ್ಟರು. ಧೋತರ, ಬಿಳಿಯ ಅಂಗಿ, ಗಾಂಧಿ ಟೋಪಿ ಧರಿಸಿ ಮತ್ತೆ ಅದೇ ಕಚೇರಿಗೆ, ಅದೇ ಕುರ್ಚಿಗೆ ಹೋದರು. ದರ್ಜಿ ಚಾಚಾ ಸಹ ತಮ್ಮ ಟೋಪಿಯನ್ನು ತೆಗೆದಿಟ್ಟು ತಲೆಗೆ ಟವೆಲ್ ಸುತ್ತಿಕೊಂಡು ಅಂಗಡಿಯಲ್ಲಿ ಕೂತರಂತೆ. ಇಬ್ಬರೂ ಬದಲಾಯಿಸಿದ್ದು ಬಟ್ಟೆಯನ್ನೇ. ಅಪ್ಪನಿಗೆ ಅದು ಕಚೇರಿಯ ಉಡುಪು, ಬದಲಾಯಿಸಿದರೆ ಮುಗಿಯಿತು. ಚಾಚಾರ ಹೆಸರನ್ನು ಟವೆಲ್ ಮುಚ್ಚುವಂತಿರಲಿಲ್ಲ.

1958ರಲ್ಲಿ ನನ್ನನ್ನು ಶಾಲೆಗೆ ಸೇರಿಸುವಾಗ ಪಾಟಿ ಇಡಲು ಚೀಲ ಬೇಕಾಯಿತು. ಅಪ್ಪ ಟ್ರಂಕು ತೆಗೆದು ಆ ಶೇರ್ವಾನಿಯನ್ನು ಚಾಚಾರ ಬಳಿಗೇ ಒಯ್ದರು, ನಾನೂ ಜೊತೆಗಿದ್ದೆ. ಚಾಚಾ ಅದನ್ನು ಮಂಡಿಯ ಮೇಲೆ ಹಾಸಿ, ಕತ್ತರಿಯನ್ನು ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟರು. ಮೊದಲು ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಅಪ್ಪನ ಅಂಗೈಗೆ ಹಾಕಿದರು. "ಛಲೋ ಕಪಡಾ ಐತ್ರಿ, ಇನ್ನೂ ಬಾಳಿಕಿ ಬರ್ತೈತಿ" ಎಂದರು. "ಚೀಲಾನೂ ಬಾಳಿಕಿ ಬರಲಿ ಬಿಡು" ಎಂದರು ಅಪ್ಪ. ಮತ್ತೆ ಮಾತು ಬೆಳೆಯಲಿಲ್ಲ. ಆ ಚೀಲ ನನಗೆ ಏಳನೆಯ ತರಗತಿಯವರೆಗೆ ಬಂದಿತು.

ನಾನು ಮೊದಲು ಪಾಠ ಹೇಳಿದ ಊರು ಮಸ್ಕಿ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿದೆ. ಅಲ್ಲಿಯ ಬಂಡೆಯ ಶಾಸನವನ್ನು 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಗುರುತಿಸಿದ ಮೇಲೆಯೇ 'ದೇವಾನಾಂಪ್ರಿಯ'ನೆಂದರೆ ಅಶೋಕನೆಂಬುದು ಖಚಿತವಾದದ್ದು. ಒಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಒಬ್ಬ ಹುಡುಗಿ "ಅಶೋಕ ಏನು ಉಡ್ತಿದ್ದ ಸರ್?" ಎಂದು ಕೇಳಿದಳು. ಶಾಸನದಲ್ಲಿ ಹೆಸರಿದೆ, ಉಡುಪಿನ ಮಾತಿಲ್ಲ. ಉತ್ತರ ತೋಚದೆ "ರಾಜರು ಉಡುವಂಥದ್ದನ್ನೇ" ಎಂದು ಜಾರಿಕೊಂಡೆ. ಬಹಳ ವರ್ಷಗಳ ನಂತರ ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಕನಗನಹಳ್ಳಿಯ ಉತ್ಖನನದಲ್ಲಿ, 'ರಾಯ ಅಸೋಕೋ' ಎಂದು ಬ್ರಾಹ್ಮಿಯಲ್ಲಿ ಬರೆದ ಶಿಲಾಫಲಕ ದೊರೆಯಿತು. ಅದರಲ್ಲಿ ರಾಣಿಯೂ ಪರಿಚಾರಿಕೆಯರೂ ಸುತ್ತಲಿದ್ದಾರೆ. ಅರಸ ಹೊಲಿಗೆಯಿಲ್ಲದ ಬಟ್ಟೆ ಉಟ್ಟು ಆಭರಣ ತೊಟ್ಟಿದ್ದಾನೆ. ಆದರೆ ಆ ಫಲಕವನ್ನು ಕೆತ್ತಿದ್ದು ಅಶೋಕ ತೀರಿಹೋಗಿ ಶತಮಾನಗಳಾದ ಮೇಲೆ. ಶಿಲ್ಪಿ ಅವನನ್ನು ಕಂಡವನಲ್ಲ; ತನ್ನ ಕಾಲದ ಅರಸರ ಉಡುಪನ್ನೇ ಉಡಿಸಿರಬೇಕೆಂದು ನನ್ನ ಊಹೆ. ಆ ಹುಡುಗಿ ಈಗ ಎಲ್ಲಿದ್ದಾಳೋ; ಓದುತ್ತಿದ್ದರೆ, ತಡವಾಗಿಯಾದರೂ ಇದೇ ನನ್ನ ಉತ್ತರ.

ಸಿಂಧನೂರಿಗೆ ವರ್ಗವಾಗಿ ಬಂದಾಗ ಬೇರೆಯೇ ಲೋಕ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾಗಿದ್ದವು. ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡಿದ್ದರು. ಪೂರ್ವ ಬಂಗಾಳದ ನಿರಾಶ್ರಿತರಿಗೂ ಸರ್ಕಾರ ಇಲ್ಲಿ ನೆಲೆ ಕೊಟ್ಟಿತ್ತು. ಸಂತೆಯ ದಿನ ಇಳಕಲ್ ಸೀರೆ, ಬಂಗಾಳಿ ಹೆಂಗಸರ ಶಂಖದ ಬಳೆ, ಲುಂಗಿ, ಪಂಚೆ, ಧೋತರ ಎಲ್ಲವೂ ಒಂದೇ ಕಣ್ಣಳತೆಯಲ್ಲಿ. ಎಪ್ಪತ್ತರ ದಶಕದ ಕೊನೆಗೆ ಬೆಲ್‌ಬಾಟಮ್ ಬಂದಿತು. ಅಂಥದೊಂದನ್ನು ತೊಟ್ಟು ಬಂದ ಹುಡುಗನನ್ನು ತರಗತಿಯ ಎದುರಿಗೆ ನಿಲ್ಲಿಸಿ "ಕಸಬರಿಗೆ ಬ್ಯಾಡ, ನಿನ್ನ ಪ್ಯಾಂಟೇ ಸಾಕು" ಎಂದು ನಾನು ಎಲ್ಲರನ್ನೂ ನಗಿಸಿದ್ದುಂಟು. ಅವನು ತಲೆ ತಗ್ಗಿಸಿ "ಅಣ್ಣನ ಪ್ಯಾಂಟು ಸರ್, ನನ್ಹಂತ್ಯಾಕ ಬ್ಯಾರೆ ಇಲ್ಲ" ಎಂದ. ಶೈಲಿಯೆಂಬುದು ಎರಡು ಜೊತೆ ಬಟ್ಟೆ ಇದ್ದವರ ಮಾತು ಎಂಬುದು ನನಗೆ, ಶೇರ್ವಾನಿಯ ಚೀಲ ಹೊತ್ತು ಶಾಲೆಗೆ ಹೋದವನಿಗೆ, ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಆ ನಗುವಿನ ನಾಚಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಇಷ್ಟನ್ನೂ ಮರುದಿನ ಮೊಮ್ಮಗಳಿಗೆ ಹೇಳಿದೆ. ಅವಳು ಸುಮ್ಮನೆ ಕೇಳಿ, ಎದ್ದು ಹೋಗಿ, ಅದೇ ಹಳೆಯ ಟ್ರಂಕಿನಿಂದ ಅವ್ವನ ಮದುವೆಯ ಇಳಕಲ್ ಸೀರೆಯನ್ನು ಹೊರತೆಗೆದಳು. ಹದಿನೆಂಟು ಮೊಳದ ಸೀರೆ. ಇಳಕಲ್ ನೇಕಾರರು ಮೈಯ ಹತ್ತಿಯ ಹಾಸಿಗೂ ಸೆರಗಿನ ರೇಷ್ಮೆಯ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಗಳು ಸಾಲಾಗಿ ನಿಲ್ಲುತ್ತವೆ. ಈಚೆಗೆ ರೇಯಾನ್, ಪಾಲಿಯೆಸ್ಟರ್ ನೂಲು ಬಂದಿವೆ. ಕೊಂಡಿ ಹಾಕುವ ಕೆಲಸವಂತೂ ಉಳಿದಿದೆ. ಅವ್ವನ ಸೀರೆಯ ಮೈ ಮಡಿಕೆಗಳಲ್ಲಿ ಸೀಳಿದೆ, ಉಡುವ ಹಾಗಿಲ್ಲ. ಸೆರಗು ಮಾತ್ರ ಗಟ್ಟಿಯಾಗಿದೆ.

"ಇದನ್ನ ಕುರ್ತಾ ಹೊಲಿಸಿಕೊಳ್ಳಲೇನು ತಾತಾ?" ಎಂದಳು. ತಟ್ಟನೆ ಬೇಡ ಎನ್ನಲಿದ್ದೆ. ಕತ್ತರಿಯನ್ನು ಎತ್ತಿ ಕೆಳಗಿಟ್ಟ ಚಾಚಾರ ಕೈ ನೆನಪಿಗೆ ಬಂದಿತು. ಯುಗಾದಿಗೆ ಅವಳು ಮತ್ತೆ ಬರುತ್ತಾಳೆ. ಇಬ್ಬರೂ ಕೂಡಿ ದರ್ಜಿಯ ಬಳಿಗೆ ಹೋಗುವುದೆಂದು ಮಾತಾಗಿದೆ. ಸೆರಗನ್ನು ಕೊಂಡಿಯ ಸಾಲಿನ ಮೇಲೆ ಕತ್ತರಿಸಬಾರದು, ನಾಲ್ಕು ಬೆರಳು ಹತ್ತಿ ಬಟ್ಟೆಯನ್ನು ಅದಕ್ಕೆ ಅಂಟಿಯೇ ಬಿಡಬೇಕು ಎಂದು ಅವನಿಗೆ ನಾನೇ ಹೇಳಬೇಕು.